ಶಿವಪ್ಪ ನಾಯಕನ ಶಿಸ್ತು

‘ಶಿಸ್ತಿನ ಶಿವಪ್ಪ ನಾಯಕ’ ಎಂದು ಇತಿಹಾಸ ಪಾಠದಲ್ಲಿ ಓದಿದ ಮಕ್ಕಳು ಮೀಸೆ ಹುರಿಮಾಡಿಕೊಂಡು ಸೈನಿಕರನ್ನು ಸಾಲಾಗಿ ನಿಲ್ಲಿಸಿ ಗದರುವ ಒಬ್ಬ ಗಡಸು ದೊರೆಯನ್ನು ಕಲ್ಪಿಸಿಕೊಳ್ಳುತ್ತಾರೆ. ದೊಡ್ಡವರಾದ ಮೇಲೂ ಹಲವರ ಮನಸ್ಸಿನಲ್ಲಿ ಅದೇ ಚಿತ್ರ ಉಳಿದಿರುತ್ತದೆ. ಕೆಳದಿಯ ಆ ಅರಸ ಸ್ವಭಾವದಲ್ಲಿ ಗಡಸಾಗಿದ್ದಿರಬಹುದು, ಇಲ್ಲದೆಯೂ ಇರಬಹುದು. ಬಿರುದು ಬಂದದ್ದು ಅದರಿಂದಲ್ಲ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಅವನು ತನ್ನ ಸೀಮೆಯ ಜಮೀನುಗಳಿಗೆ ಗೊತ್ತುಮಾಡಿಸಿದ ಕಂದಾಯಕ್ಕೆ ಶಿಸ್ತು ಎಂಬ ಹೆಸರಿತ್ತು. ಮಣ್ಣಿನ ಗುಣವನ್ನೂ ನೀರಿನ ಅನುಕೂಲವನ್ನೂ ನೋಡಿ ಜಮೀನನ್ನು ಐದು ತರಗತಿಗಳಾಗಿ ವಿಂಗಡಿಸಲಾಯಿತು. ಖಂಡುಗದ ಬಿತ್ತನೆಗೆ ಬೇಕಾಗುವ ನೆಲವನ್ನು ಅಳತೆಯ ಮಾನವಾಗಿ ಇಟ್ಟುಕೊಂಡು, ಯಾವ ತರಗತಿಯಲ್ಲಿ ಎಷ್ಟು ಬೆಳೆಯುತ್ತದೆ ಎಂದು ಲೆಕ್ಕ ಹಾಕಿ, ಒಟ್ಟು ಉತ್ಪತ್ತಿಯ ಮೂರನೇ ಒಂದು ಪಾಲು ಅರಮನೆಗೆ ಸಲ್ಲಬೇಕು ಎಂದು ನಿಗದಿಯಾಯಿತು. ಎಲ್ಲ ಊರಿಗೂ ಒಂದೇ ದರ ಹೇರಲಿಲ್ಲ. ನೆಲ ಹೇಗೋ ಹಾಗೆ ದರವೂ ಊರಿಂದೂರಿಗೆ ಬದಲಾಗುತ್ತಿತ್ತು.

ಉತ್ಪತ್ತಿಯ ಮೂರರಲ್ಲೊಂದು ಪಾಲು ಸಣ್ಣ ಹೊರೆಯೇನೂ ಅಲ್ಲ. ಈ ಏರ್ಪಾಟನ್ನು ಸುವರ್ಣಯುಗ ಎಂದು ಹೊಗಳುವವರು, ಹಿಡುವಳಿದಾರನ ಕೈಕೆಳಗೆ ಗೇಯ್ದವನಿಗೆ ಎಷ್ಟು ಉಳಿಯುತ್ತಿತ್ತು ಎಂದೂ ಕೇಳಿಕೊಳ್ಳುವುದು ಒಳ್ಳೆಯದು. ಆದರೂ ಒಂದು ಮಾತು ನಿಜ. ಲೆಕ್ಕ ಒಮ್ಮೆ ಕಡತಕ್ಕೆ ಏರಿತೆಂದರೆ ಎರಡೂ ಕಡೆಯವರ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ರೈತ ಅಷ್ಟನ್ನು ಕೊಡಲೇಬೇಕು. ವಸೂಲಿಗೆ ಬಂದವನು ಅಷ್ಟಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇದರ ತೂಕ ಗೊತ್ತಾಗಬೇಕಾದರೆ ಅದೇ ನೆಲದಲ್ಲಿ ಮುಂದೆ ನಡೆದದ್ದನ್ನು ನೋಡಬೇಕು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ನಗರ ಎನಿಸಿತು. 19ನೇ ಶತಮಾನದ ಮೊದಲ ದಶಕಗಳಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸಂಸ್ಥಾನದಲ್ಲಿ ಶರತ್ತು ಪದ್ಧತಿ ಬಳಕೆಗೆ ಬಂತು. ನನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಮೇಲಿನವರಿಗೆ ಮುಚ್ಚಳಿಕೆ ಬರೆದುಕೊಡುತ್ತಿದ್ದ. ಹೇಗೆ ಎತ್ತುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು. ಅಮಲ್ದಾರನಿಗೂ ಹುಜೂರಿಗೂ ನಡುವೆ ಕರಾರಿತ್ತು, ರೈತನಿಗೂ ಅಮಲ್ದಾರನಿಗೂ ನಡುವೆ ಯಾವ ಕರಾರೂ ಇರಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ, ಕಂದಾಯ ನಿಲ್ಲಿಸಿ, ಬಂಡೆದ್ದರು. 1831ರಲ್ಲಿ ಸಂಸ್ಥಾನದ ಆಡಳಿತ ಬ್ರಿಟಿಷರ ಕೈಗೆ ಹೋಯಿತು, ಒಡೆಯರ ಮನೆತನಕ್ಕೆ ಅದು ಮರಳಿದ್ದು 1881ರಲ್ಲಿ. ದಂಗೆಯ ಕಾರಣ ತಿಳಿಯಲು ಗವರ್ನರ್ ಜನರಲ್ ಬೆಂಟಿಂಕ್ ನೇಮಿಸಿದ ಸಮಿತಿ 1833ರಲ್ಲಿ ಕೊಟ್ಟ ವರದಿ ಬೊಟ್ಟು ಮಾಡಿದ್ದು ದುರಾಡಳಿತದ ಕಡೆಗೆ. ವಸೂಲಿ ಮಾಡುವವನನ್ನು ಹಿಡಿದಿಡುವ ಲೆಕ್ಕ ಕಳಚಿ ಬಿದ್ದಾಗ ಕೊಡುವವನ ವಿಧೇಯತೆಯೂ ಬಹುಕಾಲ ಉಳಿಯಲಿಲ್ಲ.

ಶಿಸ್ತು ಎಂದು ನಾವು ಈಗ ಕರೆಯುವ ಸಂಗತಿಗಳು ಹಲವು. ಪೊಲೀಸು, ಸೈನ್ಯ, ಶಾಲೆ, ಕಚೇರಿಗಳಲ್ಲಿ ಅದು ಮೇಲಿನವರ ಮಾತಿಗೆ ತಲೆಬಾಗುವುದು. ಗರಡಿಯಲ್ಲಿ, ಸಂಗೀತದಲ್ಲಿ ಅದು ವರ್ಷಗಟ್ಟಲೆ ಬಿಡದೆ ಮಾಡಿದ ಸಾಧನೆ. ವಿಶ್ವವಿದ್ಯಾಲಯದಲ್ಲಿ ಜ್ಞಾನಶಿಸ್ತು ಎಂದರೆ ಒಂದು ಅಧ್ಯಯನ ಶಾಖೆ ಮತ್ತು ಅದರ ವಿಧಾನ. ಬಟ್ಟೆ ನೀಟಾಗಿದ್ದರೂ ಶಿಸ್ತು, ಬೌಲರ್ ಒಂದೇ ಜಾಗಕ್ಕೆ ಚೆಂಡು ಹಾಕುತ್ತಿದ್ದರೂ ಶಿಸ್ತಿನ ದಾಳಿ. ಇಷ್ಟೆಲ್ಲ ಅರ್ಥಗಳಿದ್ದರೂ ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾಗ ಅವರ ಮನಸ್ಸಿನಲ್ಲಿರುವುದು ಮೊದಲನೆಯದು ಮಾತ್ರ: ಹೇಳಿದ್ದನ್ನು ಕೇಳುವುದು, ಕೇಳದಿದ್ದರೆ ತಕ್ಕ ಶಾಸ್ತಿ ಆಗುವುದು. ಉಳಿದ ಅರ್ಥಗಳನ್ನು ಬದಿಗಿಟ್ಟು ಇದೊಂದನ್ನೇ ಶಿಸ್ತು ಎಂದುಕೊಂಡದ್ದರಿಂದ ಇದನ್ನೂ ನಾವು ಅರ್ಧ ಮಾತ್ರ ಅರ್ಥಮಾಡಿಕೊಂಡಿದ್ದೇವೆ ಎಂಬುದು ನನ್ನ ವಾದ. ಈ ಎಲ್ಲ ಅರ್ಥಗಳಿಗೂ ಸಮಾನವಾದ ಒಂದು ಗುಣವಿದೆ. ನಿಯಮ ಅದನ್ನು ಪಾಲಿಸುವವನನ್ನು ಹಿಡಿದಿಟ್ಟಷ್ಟೇ ಬಿಗಿಯಾಗಿ ಪಾಲಿಸುವಂತೆ ನೋಡಿಕೊಳ್ಳುವವನನ್ನೂ ಹಿಡಿದಿಟ್ಟಿರುತ್ತದೆ. ಆ ಗುಣ ಇಲ್ಲದ ಕಡೆ ಇರುವುದು ಬರೀ ಅಂಕೆ. ಅಂಕೆಗೆ ಅದರದೇ ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಶಿಸ್ತು ಎಂದು ಹೊಗಳುವ ಅಗತ್ಯವಿಲ್ಲ.

ಇದಕ್ಕೆ ತಟ್ಟನೆ ಬರುವ ಆಕ್ಷೇಪ ಸೈನ್ಯದ್ದು. ಅಲ್ಲಿ ಹುಕುಂ ಕೊಟ್ಟವನಿಗೂ ಪಡೆದವನಿಗೂ ಸಮಾನತೆ ಎಲ್ಲಿದೆ? ಗುಂಡು ಹಾರುತ್ತಿರುವಾಗ ‘ಇದು ನಿಯಮಬದ್ಧವೇ ಸಾರ್’ ಎಂದು ಕೇಳುತ್ತ ಕೂತರೆ ಯುದ್ಧ ನಡೆದೀತೇ? ಪ್ರಶ್ನೆ ಸರಿಯಾದದ್ದೇ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿರುವುದೂ ಇದೇ ಕಾರಣಕ್ಕೆ, ಅವರ ಕರ್ತವ್ಯ ನಿರ್ವಹಣೆ ಮತ್ತು ಶಿಸ್ತಿಗಾಗಿ. ಆದರೆ 1950ರ ಸೇನಾ ಕಾಯ್ದೆಯನ್ನು ತೆರೆದು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಮೇಲಧಿಕಾರಿಯ ಆಜ್ಞೆ ಮೀರಿದವನಿಗೆ ಶಿಕ್ಷೆ ವಿಧಿಸುವ 41ನೇ ಕಲಮು ಆಜ್ಞೆ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಕಾನೂನುಬದ್ಧವಾದ ಆಜ್ಞೆ ಎನ್ನುತ್ತದೆ. ಅದರಿಂದ ನಾಲ್ಕಾರು ಕಲಮುಗಳಾಚೆ, 47ರಲ್ಲಿ, ಕೈಕೆಳಗಿನವನ ಮೇಲೆ ಕೈ ಮಾಡಿದ ಅಥವಾ ಅವನನ್ನು ಹಿಂಸಿಸಿದ ಅಧಿಕಾರಿಗೆ ಏಳು ವರ್ಷದವರೆಗೆ ಸಜೆ ಇದೆ. ಜಗತ್ತಿನಲ್ಲಿ ಅತ್ಯಂತ ಬಿಗಿಯಾದದ್ದು ಎಂದು ನಾವು ಉದಾಹರಿಸುವ ಶಿಸ್ತಿನ ಗ್ರಂಥದಲ್ಲೇ ಮೇಲಿನವನಿಗೂ ಹಗ್ಗವಿದೆ. ಆ ಹಗ್ಗ ಕಡಿದರೆ ಏನಾಗುತ್ತದೆ ಎಂಬುದನ್ನು ಎರಡನೇ ಮಹಾಯುದ್ಧ ತೋರಿಸಿತು. ಮೇಲಿನವರು ಹೇಳಿದರು, ಮಾಡಿದೆವು ಎಂಬ ಸಮಜಾಯಿಷಿ 1945-46ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಡೆಯಲಿಲ್ಲ.

ಕಾನೂನಿನ ಹೊರಗೂ ಸೈನ್ಯ ತನ್ನ ನಾಯಕರನ್ನು ಅಳೆಯುವುದು ಇದೇ ಅಳತೆಗೋಲಿನಿಂದ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೊಡಗಿನ ಕೆ.ಎಂ. ಕಾರ್ಯಪ್ಪ ಶಿಸ್ತಿನ ವಿಷಯದಲ್ಲಿ ದಂತಕಥೆಯೇ ಆಗಿದ್ದರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗನ ವಿಮಾನ ಉರುಳಿ, ಮಗ ಪಾಕಿಸ್ತಾನದ ಸೆರೆಯಾಳಾದರು. ದೇಶ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷ. ಹಳೆಯ ಪರಿಚಯದ ಮೇಲೆ ಮಗನನ್ನು ಬಿಡುಗಡೆ ಮಾಡುವ ಪ್ರಸ್ತಾಪ ಬಂದಾಗ ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬರ್ಥದ ಉತ್ತರ ಕಳಿಸಿದರು. ಅವರು ಅಷ್ಟೊತ್ತಿಗೆ ನಿವೃತ್ತರಾಗಿ ಹನ್ನೆರಡು ವರ್ಷ ಕಳೆದಿತ್ತು. ಅವರನ್ನು ಕೇಳುವ ಮೇಲಧಿಕಾರಿ ಯಾರೂ ಇರಲಿಲ್ಲ. ಜವಾನನಿಗೆ ಇಲ್ಲದ ವಿನಾಯಿತಿ ತನಗೂ ಇಲ್ಲ ಎಂದು ನಡೆದುಕೊಂಡದ್ದರಿಂದಲೇ ಈ ಪ್ರಸಂಗವನ್ನು ಇಂದಿಗೂ ಕೊಡಗಿನಲ್ಲಿ ಜನ ಹೇಳಿಕೊಳ್ಳುತ್ತಾರೆ. ಅವರ ಕಾಲದ ಕವಾಯತು ಎಷ್ಟು ಕಟ್ಟುನಿಟ್ಟಾಗಿತ್ತು ಎಂಬುದು ಯಾರಿಗೂ ನೆನಪಿಲ್ಲ.

ಇದರ ತದ್ವಿರುದ್ಧ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿಯನ್ನು ಆಗಿನ ಸರ್ಕಾರ ದೇಶಕ್ಕೆ ಶಿಸ್ತು ಕಲಿಸುವ ಪರ್ವ ಎಂದೇ ಪ್ರಚಾರ ಮಾಡಿತು. ರೈಲು ಸಮಯಕ್ಕೆ ಸರಿಯಾಗಿ ಬರುತ್ತಿತ್ತು, ನೌಕರರು ಹತ್ತು ಗಂಟೆಗೇ ಕುರ್ಚಿಯಲ್ಲಿರುತ್ತಿದ್ದರು ಎಂದು ನೆನೆಯುವವರು ಈಗಲೂ ಸಿಗುತ್ತಾರೆ. ಹಾಗೆ ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ವಾದಿಸುವುದಿಲ್ಲ. ಆ ಗಡಿಯಾರ ಯಾರ ಕೈಯಲ್ಲಿತ್ತು ಎಂಬುದಷ್ಟೇ ನನ್ನ ಪ್ರಶ್ನೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದುದರಿಂದ ತಡವಾದ ರೈಲಿನ ಸುದ್ದಿ ಬರುವ ದಾರಿಯೂ ಕಿರಿದಾಗಿತ್ತು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಜಿಲ್ಲೆಗಳಿಗೆ ಗುರಿ ನಿಗದಿಯಾಯಿತು. ಕೆಲವು ರಾಜ್ಯಗಳಲ್ಲಿ ಆ ಗುರಿ ಶಾಲಾ ಮೇಷ್ಟರ ತನಕ ಇಳಿದು, ಗುರಿ ಮುಟ್ಟದವರ ಸಂಬಳ ತಡೆಹಿಡಿಯಲಾಯಿತು. ಎರಡು ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು ಎಂಬ ಲೆಕ್ಕವನ್ನು ಮುಂದೆ ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ನಡೆಸಿದ ಷಾ ಆಯೋಗ ಕೊಟ್ಟಿತು. ಇಲ್ಲೂ ನಗರದ ಅಮಲ್ದಾರನ ಕಥೆಯೇ. ಮೇಲಕ್ಕೆ ಅಂಕಿ ಒಪ್ಪಿಸುವ ಕರಾರಿದೆ, ಕೆಳಗಿನವನ ಜೊತೆ ಯಾವ ಕರಾರೂ ಇಲ್ಲ.

ಆ ಕಾಲದ ಶಿಸ್ತಿನ ತಿರುಳು ಹೊರಬಿದ್ದದ್ದು ರೈಲು ನಿಲ್ದಾಣದಲ್ಲಲ್ಲ, ಸುಪ್ರೀಂ ಕೋರ್ಟಿನಲ್ಲಿ. ಬಂಧನದಲ್ಲಿರುವವರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದೇ ಎಂಬ ಜಬಲ್ಪುರ ಪ್ರಕರಣದಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ನೇರವಾಗಿ ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ? ತಮ್ಮ ವಾದದ ಪ್ರಕಾರ ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದು ಅಟಾರ್ನಿ ಜನರಲ್ ಒಪ್ಪಿಕೊಂಡರು. ಒಂದು ಸರ್ಕಾರ ಎಲ್ಲರನ್ನೂ ಶಿಸ್ತಿಗೆ ಒಳಪಡಿಸಿ ತನ್ನನ್ನು ಮಾತ್ರ ಹೊರಗಿಟ್ಟುಕೊಂಡರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷದ ಜನವರಿಯಲ್ಲಿ, ಸೇವಾ ಹಿರಿತನದ ಪ್ರಕಾರ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕಿರಿಯರ ಪಾಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು. ಆ ತೀರ್ಪನ್ನು ಸುಪ್ರೀಂ ಕೋರ್ಟು ಹೆಸರು ಹಿಡಿದು ತಳ್ಳಿಹಾಕಿದ್ದು 2017ರ ಖಾಸಗಿತನದ ಪ್ರಕರಣದಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಾಧನೆಯ ಶಿಸ್ತಿಗೆ ಬಂದರೆ ಈ ವಾದಕ್ಕೆ ಸಂಗೀತದಿಂದ ಸಿಗುವಷ್ಟು ಬಲ ಬೇರೆಲ್ಲಿಂದಲೂ ಸಿಗದು. ಗುರುಕುಲದ ಶಿಸ್ತು ಎಂದ ಕೂಡಲೇ ನೀರು ಹೊರುವುದು, ಬಟ್ಟೆ ಒಗೆಯುವುದು, ಗುರುಗಳ ಕಾಲೊತ್ತುವುದು ಎಂದು ಕಥೆಗಳು ಶುರುವಾಗುತ್ತವೆ. ಅವು ನಿಜವೂ ಇರಬಹುದು, ಅವುಗಳಿಂದಲೇ ಯಾರೂ ಗಾಯಕರಾದದ್ದಿಲ್ಲ. ಭೂಪಾಲಿ, ದೇಶಕಾರ್ ರಾಗಗಳನ್ನೇ ನೋಡಿ. ಎರಡಕ್ಕೂ ಸ್ವರಗಳು ಅವೇ ಐದು: ಸ, ರಿ, ಗ, ಪ, ಧ. ಭೂಪಾಲಿಯ ಜೀವ ಗಾಂಧಾರದಲ್ಲಿದೆ, ದೇಶಕಾರದ್ದು ಧೈವತದಲ್ಲಿ. ಭೂಪಾಲಿ ಹಾಡುತ್ತ ಧೈವತದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ದೇಶಕಾರ್ ಇಣುಕುತ್ತದೆ, ಮುಂದಿನ ಸಾಲಿನಲ್ಲಿ ಕೂತ ಕೇಳುಗನ ಹುಬ್ಬು ಗಂಟಾಗುತ್ತದೆ. ಹಾಡುತ್ತಿರುವವರು ಮೊನ್ನೆ ಸೇರಿದ ಶಿಷ್ಯನೋ ಎಪ್ಪತ್ತು ದಾಟಿದ ಉಸ್ತಾದರೋ ಎಂದು ರಾಗ ನೋಡುವುದಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಆಗಲೇ ಹೆಸರು ಮಾಡಿದ ಗಾಯಕರಾಗಿದ್ದಾಗ ಮುಂಬಯಿಯಲ್ಲಿ ಮಂಜಿ ಖಾನರ ಬಳಿ ಜೈಪುರ-ಅತ್ರೌಲಿ ಗಾಯಕಿಯನ್ನು ಮೊದಲಿನಿಂದ ಕಲಿಯತೊಡಗಿದರು. 1937ರಲ್ಲಿ ಮಂಜಿ ಖಾನ್ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರಲ್ಲಿ ಕಲಿಕೆ ಮುಂದುವರಿಯಿತು. ಆ ಪದ್ಧತಿಯ ಜೋಡುರಾಗಗಳಲ್ಲಿ ಎರಡು ರಾಗಗಳ ಗಡಿ ಎಲ್ಲಿ ಕೂಡುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಗುರು ಹೇಳಿಕೊಡಬೇಕಾದರೆ ತಾನು ಹಾಡಿ ತೋರಿಸದೆ ವಿಧಿಯಿಲ್ಲ. ಆಜ್ಞೆ ಕೊಟ್ಟು ಕಲಿಸಲಾಗದ ವಿದ್ಯೆ ಇದು.

ಜ್ಞಾನಶಿಸ್ತಿನ ಮಾತೂ ಬಹುಪಾಲು ಹೀಗೇ ಇರುವುದರಿಂದ ಬೇಗ ಮುಗಿಸಬಹುದು. ಕನ್ನಡದ ಅತಿ ಹಳೆಯದೆಂದು ಹೆಸರಾದ ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಸುಮಾರು ಕ್ರಿ.ಶ. 450 ಎಂಬುದು ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ನೋಡಿ ವಿದ್ವಾಂಸರು ಮಾಡಿದ ತೀರ್ಮಾನ. ಅದನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣರಂಥ ದೊಡ್ಡವರ ಮಾತನ್ನೂ ಅಚ್ಚು ಮುಂದಿಟ್ಟುಕೊಂಡು ಪ್ರಶ್ನಿಸಬಹುದಿತ್ತು, ಪ್ರಶ್ನಿಸಿದರೂ ಕೂಡ. ತಾಳಗುಂದದಲ್ಲಿ ಸಿಕ್ಕ ಶಾಸನ ಅದಕ್ಕಿಂತ ಹಳೆಯದು ಎಂಬ ವಾದ ಬಂದಾಗಲೂ ಕೇಳಿಬಂದ ಪ್ರಶ್ನೆ ಅಕ್ಷರಗಳ ಬಗ್ಗೆಯೇ. ಹೇಳಿದವರ ಹುದ್ದೆ ಯಾವುದು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಬಂದ ದಿನ ಅದು ಶಾಸನಶಾಸ್ತ್ರವಾಗಿ ಉಳಿಯುವುದಿಲ್ಲ.

ಶಾಲೆಯ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಒಮ್ಮತವಿಲ್ಲ. ‘ದಂಡಂ ದಶಗುಣಂ’ ಎಂದು ನಂಬಿ ಬೆಳೆದ ಪೀಳಿಗೆ ಇನ್ನೂ ಇದೆ. ಬೆತ್ತ ಹೋದ ಮೇಲೆ ಮಕ್ಕಳಿಗೆ ಭಯವಿಲ್ಲ, ಭಯವಿಲ್ಲದ ಮೇಲೆ ಓದಿಲ್ಲ ಎಂದು ಮೇಷ್ಟರುಗಳೂ ಹೇಳುತ್ತಾರೆ, ಅವರಿಗಿಂತ ಜೋರಾಗಿ ತಂದೆತಾಯಿಗಳು ಹೇಳುತ್ತಾರೆ. ನಲವತ್ತು ಐವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಹಿಡಿದಿಡುವ ಕಷ್ಟ ಗೊತ್ತಿಲ್ಲದವರು ಇದನ್ನು ಸುಲಭವಾಗಿ ತಳ್ಳಿಹಾಕಬಾರದು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ದೂರುವಾಗ ಅದರ ಒಂದೇ ಕಲಮನ್ನು ಹಿಡಿದುಕೊಳ್ಳುತ್ತೇವೆ. ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದು ಎಂದು 17ನೇ ಕಲಮು ಹೇಳುತ್ತದೆ. ಅದೇ ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಮೊಟ್ಟಮೊದಲನೆಯದು ಶಾಲೆಗೆ ತಪ್ಪದೆ, ಹೊತ್ತಿಗೆ ಸರಿಯಾಗಿ ಬರುವುದು. ತಪ್ಪಿದರೆ ಸೇವಾ ನಿಯಮಗಳ ಪ್ರಕಾರ ಕ್ರಮ. ತಡವಾಗಿ ಬಂದ ಹುಡುಗನನ್ನು ಬಾಗಿಲ ಹೊರಗೆ ನಿಲ್ಲಿಸುವುದು ನಮಗೆ ಶಿಸ್ತಾಗಿ ಕಾಣುತ್ತದೆ, ಗಂಟೆಯನ್ನು ಎರಡು ಕಡೆಯವರಿಗೂ ಸಮಾನವಾಗಿ ಬಾರಿಸಿದ ಈ ಕಾನೂನು ಶಿಸ್ತಿಗೆ ಅಡ್ಡಿಯಾಗಿ ಕಾಣುತ್ತದೆ. ಭಯದಿಂದ ಗದ್ದಲ ನಿಲ್ಲುತ್ತದೆ ಎಂಬುದನ್ನು ಒಪ್ಪೋಣ. ಪೆಟ್ಟು ತಿಂದ ಮಗು ಕಲಿಯುವ ಪಾಠ ಯಾವುದು ಎಂಬುದು ಬೇರೆ. ದೊಡ್ಡವನಾದ ಮೇಲೆ ಬೆತ್ತ ನನ್ನ ಕೈಗೆ ಬರುತ್ತದೆ, ಆಗ ಈ ನಿಯಮಗಳು ನನಗೆ ಅನ್ವಯಿಸುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ಕಲಿಯುತ್ತದೆ. ಸಿಗ್ನಲ್ ಹಾರಿಸಿಕೊಂಡು ಹೋಗುವ ಸೈರನ್ ಕಾರಿನಲ್ಲಿ ಕೂತವರು ಬಹುಶಃ ಶಾಲೆಯಲ್ಲಿ ಒಳ್ಳೆಯ ಹುಡುಗರೇ ಆಗಿದ್ದರು.

ಸಿಂಗಪುರವನ್ನು ನೋಡಿ ಬಂದವರದು ಇನ್ನೊಂದು ವಾದ. ಅಲ್ಲಿ ರಸ್ತೆಯಲ್ಲಿ ಉಗುಳಿದರೆ ದಂಡ, 1992ರಿಂದ ಚ್ಯೂಯಿಂಗ್ ಗಮ್ ಮಾರಾಟಕ್ಕೆ ನಿಷೇಧ, ಗೋಡೆ ಗೀಚಿದರೆ ಛಡಿ ಏಟು. ಕಟ್ಟುನಿಟ್ಟು ಅಂದರೆ ಹಾಗಿರಬೇಕು, ನಮ್ಮವರಿಗೂ ನಾಲ್ಕು ಬಿದ್ದರೆ ದಾರಿಗೆ ಬರುತ್ತಾರೆ ಎಂಬುದು ಅದರ ಸಾರ. ಈ ಪ್ರವಾಸಿಗರು ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ದಾರಿಯಲ್ಲಿ ಕಾಣದ ಒಂದು ಸಂಗತಿ ಇದೆ. ಭ್ರಷ್ಟಾಚಾರ ತನಿಖೆಗೆಂದೇ ಒಂದು ಪ್ರತ್ಯೇಕ ಸಂಸ್ಥೆ ಅಲ್ಲಿ 1952ರಿಂದ ಕೆಲಸ ಮಾಡುತ್ತಿದೆ. ಸಾರಿಗೆ ಮಂತ್ರಿಯಾಗಿದ್ದ ಎಸ್. ಈಶ್ವರನ್ ಉದ್ಯಮಿಗಳಿಂದ ಬೆಲೆಬಾಳುವ ಉಡುಗೊರೆ ಪಡೆದ ತಪ್ಪಿಗೆ ಅವರನ್ನು ಕೋರ್ಟಿಗೆ ನಿಲ್ಲಿಸಿ, 2024ರ ಅಕ್ಟೋಬರಿನಲ್ಲಿ ಹನ್ನೆರಡು ತಿಂಗಳ ಸಜೆ ವಿಧಿಸಿದರು. ಅಲ್ಲಿ ವಿರೋಧ ಪಕ್ಷಗಳಿಗೆ, ಪತ್ರಿಕೆಗಳಿಗೆ ಇರುವ ಇಕ್ಕಟ್ಟು ನನಗೆ ಗೊತ್ತಿಲ್ಲದ್ದೇನೂ ಅಲ್ಲ; ಆ ಮಟ್ಟಿಗೆ ಆ ದೇಶದ ಶಿಸ್ತೂ ಒಮ್ಮುಖದ್ದೇ. ಆದರೆ ಬೀದಿಯ ಸ್ವಚ್ಛತೆಗೆ ಕಾರಣ ದಂಡದ ಮೊತ್ತವೊಂದೇ ಎಂದು ತಿಳಿದು ಅದನ್ನಷ್ಟೇ ಇಲ್ಲಿಗೆ ತಂದರೆ ಆಗುವುದೇನು ಎಂಬುದನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಯ ದಂಡಗಳನ್ನು ಹಲವು ಪಟ್ಟು ಏರಿಸಿದಾಗ ಕಂಡೆವು. ಜನರ ಮೊದಲ ಪ್ರಶ್ನೆ ಹೆಲ್ಮೆಟ್ ಬಗ್ಗೆ ಇರಲಿಲ್ಲ. ಗುಂಡಿ ಬಿದ್ದ ರಸ್ತೆಗೆ ದಂಡ ಕಟ್ಟುವವರು ಯಾರು ಎಂದು ಕೇಳಿದರು. ಅದನ್ನು ಅಶಿಸ್ತಿನ ಜನರ ನೆಪ ಎಂದು ಕೆಲವರು ಹೀಗಳೆದರು. ಶಿಸ್ತಿನ ಬಗ್ಗೆ ಆ ವರ್ಷ ಕೇಳಿಬಂದ ಅತ್ಯಂತ ಬುದ್ಧಿವಂತ ಪ್ರಶ್ನೆ ಅದೇ ಎಂದು ನನಗನ್ನಿಸುತ್ತದೆ.

ಹಾಗಾದರೆ ಮೇಲಿನವರು ತಪ್ಪಿದರೆ ಕೆಳಗಿನವರೂ ತಪ್ಪಬಹುದೇ, ಇದು ಅರಾಜಕತೆಗೆ ಪರವಾನಗಿಯಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಸ್ವಾತಂತ್ರ್ಯ ಹೋರಾಟದಲ್ಲೇ ಇದೆ. ಮೇಲಿನವರ ನಿಯಮವನ್ನು ಮುರಿಯುವುದಕ್ಕೂ ಶಿಸ್ತು ಬೇಕು, ಅದೂ ಪಾಲಿಸುವುದಕ್ಕಿಂತ ಹೆಚ್ಚಿನ ಶಿಸ್ತು. ಹುಬ್ಬಳ್ಳಿಯ ಡಾ. ಎನ್.ಎಸ್. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ ಕಾಂಗ್ರೆಸ್ ಸ್ವಯಂಸೇವಕರಿಗೆ ಕವಾಯತು ಕಲಿಸಿದ್ದು ಸರ್ಕಾರದ ಮಾತು ಕೇಳುವುದಕ್ಕಲ್ಲ. 1930ರ ಮೇ 21ರಂದು ಗುಜರಾತಿನ ಧರಾಸಣದ ಉಪ್ಪಿನ ಕೋಠಿಯತ್ತ ಸತ್ಯಾಗ್ರಹಿಗಳು ಸಾಲುಸಾಲಾಗಿ ನಡೆದು ಹೋದರು. ಲಾಠಿ ಬೀಸಿದಾಗ ತಲೆಗೆ ಕೈ ಅಡ್ಡ ಹಿಡಿಯಲಿಲ್ಲ. ಒಂದು ಸಾಲು ಉರುಳಿದರೆ ಇನ್ನೊಂದು ಸಾಲು ಮುಂದೆ ಬಂತು. ಕೆಳದಿಗೆ ದೂರವಲ್ಲದ ಸಿದ್ದಾಪುರದಲ್ಲಿ, ಕರಾವಳಿಯ ಅಂಕೋಲೆಯಲ್ಲಿ, 1930ರ ದಶಕದ ಆರಂಭದಲ್ಲಿ ರೈತರು ಭೂಕಂದಾಯ ಕೊಡುವುದಿಲ್ಲ ಎಂದು ಕೂತಾಗ ಸರ್ಕಾರ ಜಮೀನು, ಮನೆಸಾಮಾನು ಜಪ್ತಿ ಮಾಡಿತು. ಅವರು ಕೈ ಎತ್ತಲಿಲ್ಲ, ಕಂದಾಯವನ್ನೂ ಕಟ್ಟಲಿಲ್ಲ. ಈ ಚಳವಳಿಗಳ ನಾಯಕರು ತಮ್ಮನ್ನು ನಿಯಮದ ಹೊರಗೆ ಇಟ್ಟುಕೊಂಡಿರಲಿಲ್ಲ. 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಜನ ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ ಗಾಂಧಿ ಚಳವಳಿಯನ್ನೇ ನಿಲ್ಲಿಸಿ ಐದು ದಿನ ಉಪವಾಸ ಕೂತರು. ಅನುಯಾಯಿಗಳ ತಪ್ಪಿಗೆ ಶಿಕ್ಷೆಯನ್ನು ಮೊದಲು ತನಗೆ ವಿಧಿಸಿಕೊಂಡದ್ದು ಹಲವರಿಗೆ ಅತಿ ಎನಿಸಿತು, ಮೋತಿಲಾಲ್ ನೆಹರೂ ಅವರಂಥವರೇ ಸಿಟ್ಟಾದರು. ರಾಜಕೀಯವಾಗಿ ಅದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ನಿಯಮ ಇಟ್ಟವನು ಅದರ ಭಾರ ಹೊರುವುದು ಹೇಗೆ ಎಂಬುದಕ್ಕೆ ಅದು ನಿದರ್ಶನ.

ನಿತ್ಯದ ಆಡಳಿತದಲ್ಲಿ ಈ ಮಟ್ಟದ ತ್ಯಾಗವನ್ನು ನಿರೀಕ್ಷಿಸಲಾಗದು, ನಿರೀಕ್ಷಿಸಬೇಕಾಗಿಯೂ ಇಲ್ಲ. ಅದಕ್ಕೇ ಕಾರ್ಯವಿಧಾನ ಎಂಬುದಿರುವುದು. ಸರ್ಕಾರಿ ನೌಕರನ ಮೇಲೆ ಶಿಸ್ತು ಕ್ರಮ ಎಂದು ಪತ್ರಿಕೆಯಲ್ಲಿ ಎರಡು ಸಾಲು ಓದಿ ಮುಂದೆ ಹೋಗುವ ನಮಗೆ ಅದರ ಒಳಗಿನ ಯಂತ್ರ ಕಾಣುವುದಿಲ್ಲ. ಕರ್ನಾಟಕ ನಾಗರಿಕ ಸೇವೆಗಳ 1957ರ ಸಿಸಿಎ ನಿಯಮಗಳ ಪ್ರಕಾರ ಶಿಸ್ತು ಪ್ರಾಧಿಕಾರ ಒಬ್ಬ ಗುಮಾಸ್ತನಿಗೆ ದೊಡ್ಡ ದಂಡನೆ ವಿಧಿಸಬೇಕಾದರೆ ಮೊದಲು ಆರೋಪಗಳನ್ನು ಬರೆದು ಕೊಡಬೇಕು, ಆಧಾರವಾದ ದಾಖಲೆಗಳ ಮತ್ತು ಸಾಕ್ಷಿಗಳ ಪಟ್ಟಿ ಲಗತ್ತಿಸಬೇಕು, ಉತ್ತರಕ್ಕೆ ಕಾಲಾವಕಾಶ ಕೊಡಬೇಕು, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಡಬೇಕು, ವಿಚಾರಣಾ ವರದಿಯ ಪ್ರತಿಯನ್ನು ಅವನ ಕೈಗೆ ಕೊಟ್ಟು ಏನು ಹೇಳುತ್ತೀಯಪ್ಪ ಎಂದು ಕೇಳಬೇಕು. ಅಮಾನತಿನಲ್ಲಿರುವಾಗ ಜೀವನಾಧಾರ ಭತ್ಯೆ ಕೊಡಬೇಕು. ಇದರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಆದೇಶ ನ್ಯಾಯಮಂಡಳಿಯಲ್ಲಿ ಬಿದ್ದುಹೋಗಬಹುದು. ಇದೆಲ್ಲದರ ಬೇರು ಸಂವಿಧಾನದ 311ನೇ ವಿಧಿಯಲ್ಲಿದೆ. ಕಳ್ಳರು ಇದರಿಂದಲೇ ನುಣುಚಿಕೊಳ್ಳುತ್ತಾರೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಆದರೆ ನಿಷ್ಠುರವಾಗಿ ಕಡತದಲ್ಲಿ ಷರಾ ಬರೆದ ಒಬ್ಬ ಸರ್ವೇಯರ್ ಮರುದಿನ ಬೆಳಿಗ್ಗೆಯೂ ಕೆಲಸದಲ್ಲಿ ಇರುವುದು ಇದೇ ಮೆಟ್ಟಿಲುಗಳ ಬಲದಿಂದ.

ಈ ಮೆಟ್ಟಿಲುಗಳು ಇಲ್ಲವೇ ಇಲ್ಲ ಎನ್ನಬಹುದಾದ ಜಾಗ ನಮ್ಮ ರಾಜಕೀಯ ಪಕ್ಷಗಳು. ಬಹಿರಂಗ ಹೇಳಿಕೆ ಕೊಟ್ಟ ಶಾಸಕನಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ, ಶಿಸ್ತು ಸಮಿತಿ ಸೇರುತ್ತದೆ, ಆರು ವರ್ಷ ಉಚ್ಚಾಟನೆಯಾಗುತ್ತದೆ, ಚುನಾವಣೆ ಹತ್ತಿರ ಬಂದರೆ ಆರು ತಿಂಗಳಲ್ಲಿ ವಾಪಸಾಗುತ್ತಾನೆ. ಹೈಕಮಾಂಡ್ ಕೊಟ್ಟ ಮಾತು ತಪ್ಪಿದ್ದಕ್ಕೆ ಹೈಕಮಾಂಡಿಗೆ ನೋಟಿಸ್ ಹೋದದ್ದನ್ನು ಯಾವ ಪಕ್ಷದಲ್ಲೂ ಯಾರೂ ಕೇಳಿಲ್ಲ. 1985ರ 52ನೇ ತಿದ್ದುಪಡಿ ತಂದ ಪಕ್ಷಾಂತರ ನಿಷೇಧ ಕಾನೂನು ಈ ಒಮ್ಮುಖ ಶಿಸ್ತಿಗೆ ಸಂವಿಧಾನದ ಮುದ್ರೆ ಒತ್ತಿತು. ವಿಪ್ ಮೀರಿದರೆ ಸದಸ್ಯತ್ವವೇ ಹೋಗುತ್ತದೆ. ಬ್ರಿಟನ್ನಿನಲ್ಲಿ 2003ರ ಮಾರ್ಚಿನಲ್ಲಿ ಇರಾಕ್ ಯುದ್ಧದ ಪ್ರಶ್ನೆ ಬಂದಾಗ 139 ಲೇಬರ್ ಸದಸ್ಯರು ತಮ್ಮದೇ ಪ್ರಧಾನಿಯ ವಿರುದ್ಧ ಮತ ಹಾಕಿದರು. ಪಕ್ಷ ಮುನಿಸಿಕೊಂಡಿರಬಹುದು, ಆ ಮತಕ್ಕಾಗಿ ಯಾರ ಸ್ಥಾನವೂ ಹೋಗಲಿಲ್ಲ. ಇಲ್ಲಿ ಹಾಗೆ ಮಾಡಿದ್ದರೆ ಅವರೆಲ್ಲ ಮನೆಗೆ ಹೋಗುತ್ತಿದ್ದರು. ಇಷ್ಟು ಬಿಗಿಯಾದ ಕಾನೂನಿದ್ದೂ 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹಗೊಂಡರು, ಅಷ್ಟರಲ್ಲಿ ಸರ್ಕಾರವೂ ಉರುಳಿತ್ತು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು ಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು, ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹಲವರು ಹೊಸ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದು ಮಂತ್ರಿಗಳೂ ಆದರು. ಕೊಳ್ಳುವವನನ್ನು ಮುಟ್ಟದೆ ಮಾರಾಟವಾದವನನ್ನು ಮಾತ್ರ ಹಿಡಿಯುವ ಕಾನೂನಿನಿಂದ ಇದಕ್ಕಿಂತ ಹೆಚ್ಚಿನದು ಆಗುವಂತಿರಲಿಲ್ಲ. ವಿಪ್‌ನ ಈ ಅಸ್ತ್ರವನ್ನು ವಿಶ್ವಾಸಮತ, ಹಣಕಾಸು ಮಸೂದೆಯಂಥ ಕೆಲವೇ ಸಂದರ್ಭಗಳಿಗೆ ಸೀಮಿತಗೊಳಿಸಿ, ಉಳಿದ ಕಡೆ ಸದಸ್ಯರನ್ನು ಅವರ ವಿವೇಚನೆಗೆ ಬಿಡಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. 2003ರಲ್ಲಿ ಸಂಸತ್ತು ಈ ಕಾನೂನನ್ನು ತಿದ್ದಲು ಕೈಗೆತ್ತಿಕೊಂಡಾಗ ಮೂರನೇ ಒಂದರಷ್ಟು ಸದಸ್ಯರು ಒಟ್ಟಾಗಿ ಹೊರಬಂದರೆ ಸಿಗುತ್ತಿದ್ದ ರಕ್ಷಣೆಯನ್ನು ತೆಗೆದುಹಾಕಿತು. ವಿಪ್ ಕೊಡುವವರ ಅಧಿಕಾರ ಇದ್ದಲ್ಲೇ ಉಳಿಯಿತು.